ಐದು ವ್ಯಾಟ್ ಕೂಡ ಜಾಸ್ತಿನೇ: ಆ್ಯಂಪ್ ರಿಪೇರಿ ಬೆಂಚಿನಿಂದ ಒಂದಿಷ್ಟು ಮಾತು

ನಾನು ಮುಂಬೈಯ ಲ್ಯಾಮಿಂಗ್ಟನ್ ರೋಡ್ ಹತ್ತಿರದ ಒಂದು ಸಣ್ಣ ಅಂಗಡಿಯಲ್ಲಿ ಗಿಟಾರ್ ಆ್ಯಂಪ್ ರಿಪೇರಿ ಮಾಡುತ್ತೇನೆ. ವಾಲ್ವ್ ಆ್ಯಂಪ್‌ಗಳೇ ಜಾಸ್ತಿ, ಅಂದರೆ ಗಾಜಿನ ಕೊಳವೆಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಗಳು. ಗಿಟಾರ್ ಹುಡುಗರು ಟ್ಯೂಬ್ ಅನ್ನುತ್ತಾರೆ, ರೇಡಿಯೋ ಕಾಲದವರು ವಾಲ್ವ್ ಅನ್ನುತ್ತಾರೆ. ನಮ್ಮ ಮಾಲೀಕರು ಎರಡನೇ ಗುಂಪಿನವರು, ಹಾಗಾಗಿ ನನ್ನ ಬಾಯಿಗೂ ಅದೇ ಬಂದಿದೆ.

ಬೆಂಚಿಗೆ ಬರುವ ಆ್ಯಂಪ್‌ಗಳಲ್ಲಿ ಎಷ್ಟೋ ಆ್ಯಂಪ್‌ಗಳು ಕೆಟ್ಟೇ ಇರುವುದಿಲ್ಲ. 'ಟೋನ್ ಸತ್ತುಹೋಗಿದೆ' ಅಂತ ತರುತ್ತಾರೆ. ವಾಲ್ವ್ ಅಳೆದರೆ ಸರಿ ಇದೆ, ವೋಲ್ಟೇಜ್ ಸರಿ ಇದೆ. ಕೇಳಿ ನೋಡಿದರೆ ವಿಷಯ ಇಷ್ಟೇ: ಅಂಗಡಿಯಲ್ಲಿ ಜೋರಾಗಿ ಬಾರಿಸಿ ಮನಸೋತು ಕೊಂಡಿರುತ್ತಾರೆ, ಮನೆಯಲ್ಲಿ ವಾಲ್ಯೂಮ್ ಒಂದರ ಮೇಲೆ ಹೋಗುವ ಹಾಗಿಲ್ಲ. ಮೊನ್ನೆ ಹುಬ್ಬಳ್ಳಿ ಕಡೆಯ ಹುಡುಗ ಒಬ್ಬ ಡೊಂಬಿವ್ಲಿಯಿಂದ ಆ್ಯಂಪ್ ಹೊತ್ತು ತಂದ. 'ಅಣ್ಣಾ, ಐದೇ ವ್ಯಾಟ್ ಅಂತ ತಗೊಂಡೇನ್ರಿ. ಆದ್ರೂ ಮ್ಯಾಲಿನ ಮನಿ ಕಾಕು ಬಂದು ಬಾಗ್ಲಾ ಬಡೀತಾರ. ಸೌಂಡ್ ಕಮ್ಮಿ ಮಾಡಿದ್ರ ರೇಡಿಯೋ ಆದಂಗ ಆಗ್ತದ' ಅಂದ.

ಐದು ವ್ಯಾಟ್ ಕಮ್ಮಿ ಅಂತ ಯಾರು ಹೇಳಿದರೋ! ಲೆಕ್ಕ ಹಾಕಿ. ಪ್ರತಿ ಗಿಟಾರ್ ಸ್ಪೀಕರಿಗೂ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅಂತ. ಸೆಲೆಶ್ಚನ್ ವಿಂಟೇಜ್ 30 ಅನ್ನುವ ಸ್ಪೀಕರಿಗೆ ಇದು 100. ಅಂದರೆ ಒಂದೇ ವ್ಯಾಟಿಗೆ 100 ಡೆಸಿಬೆಲ್, ಐದು ವ್ಯಾಟಿಗೆ 107. ಪವರ್ ಹತ್ತು ಪಟ್ಟು ಇಳಿದರೆ 10 ಡೆಸಿಬೆಲ್ ಇಳಿಯುತ್ತದೆ, ಕಿವಿಗೆ ಸುಮಾರು ಅರ್ಧ ಆದಂತೆ ಕೇಳುತ್ತದೆ. ಇದೇ ಲೆಕ್ಕದಲ್ಲಿ 70 ಡೆಸಿಬೆಲ್‌ಗೆ, ಅಂದರೆ ಫ್ಲ್ಯಾಟಿನಲ್ಲಿ ಹೇಗೋ ನಡೆಯುವ ಮಟ್ಟಕ್ಕೆ, ಇಳಿಯಬೇಕಾದರೆ ಸ್ಪೀಕರಿಗೆ ಸಿಗಬೇಕಾದ್ದು ಒಂದು ವ್ಯಾಟಿನ ಸಾವಿರದ ಒಂದು ಭಾಗ. ಐವತ್ತು ವ್ಯಾಟಿನದು ಮಾರಿ ಇಪ್ಪತ್ತರದು ಕೊಂಡರೆ ಏನಾಯಿತು? ನಾಲ್ಕು ಡೆಸಿಬೆಲ್. ಕಾಕುಗೆ ಗೊತ್ತೂ ಆಗುವುದಿಲ್ಲ.

ನನ್ನ ಕೆಲಸದಲ್ಲಿ ದೊಡ್ಡ ಬದಲಾವಣೆ ತಂದದ್ದು ನಮ್ಮ ಮಾಲೀಕರ ಒಂದು ಪದ್ಧತಿ. ಅವರು ಕುಂದಾಪುರದ ಕಡೆಯವರು. ರಿಪೇರಿ ಮುಗಿದ ಆ್ಯಂಪನ್ನು ಜೋರಾಗಿ ಪರೀಕ್ಷೆ ಮಾಡಿದ ಮೇಲೆ, ಮಾತಾಡುವಷ್ಟು ಸದ್ದಿಗೆ ಇಳಿಸಿ ಮತ್ತೊಮ್ಮೆ ಬಾರಿಸಲೇಬೇಕು. 'ಇಲ್ಲಿ ಚಂದ ಕೇಳಿದ್ರೆ ಸಾಕಾ ಮಾರಾಯ? ಅವ ಬಾರಿಸೋದು ಅವನ ಮನೇಲಿ ಅಲ್ವಾ' ಅನ್ನುತ್ತಾರೆ. ಹಾಗೆ ಎರಡು ಮಟ್ಟದಲ್ಲಿ ಕೇಳುತ್ತಾ ಹೋದಾಗಲೇ ನನಗೆ ಅರ್ಥವಾದದ್ದು: ಸಣ್ಣ ಸದ್ದಿನಲ್ಲಿ ಟೋನ್ ಕಳೆದುಹೋಗುವುದು ಒಂದು ಕಡೆ ಅಲ್ಲ, ಮೂರು ಕಡೆ. ವಾಲ್ವಿನಲ್ಲಿ, ಸ್ಪೀಕರಿನಲ್ಲಿ, ಕಿವಿಯಲ್ಲಿ. ಎಲ್ಲರೂ ದುಡ್ಡು ಸುರಿಯುವುದು ಮೊದಲನೆಯದಕ್ಕೆ.

ಕಿವಿಯ ವಿಷಯ ಮೊದಲು. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದಾರೆ: ಸದ್ದು ಇಳಿದಂತೆ ನಮ್ಮ ಕಿವಿಗೆ ಬೇಸ್ ಬೇಗ ಮಾಯವಾಗುತ್ತದೆ, ತೀರಾ ಮೇಲಿನ ಟ್ರೆಬಲ್ ಕೂಡ ಸ್ವಲ್ಪ ಹೋಗುತ್ತದೆ. ಹಳೆಯ ಸ್ಟೀರಿಯೋಗಳಲ್ಲಿ 'ಲೌಡ್‌ನೆಸ್' ಅಂತ ಒಂದು ಬಟನ್ ಇರುತ್ತಿತ್ತಲ್ಲ, ಅದು ಇದಕ್ಕೇ. ಗಿಟಾರಿನ ದಪ್ಪ ತಂತಿ 82 ಹರ್ಟ್ಸ್ ಆಸುಪಾಸಿನದು. ಸದ್ದು ಇಳಿಸಿದರೆ ಮೊದಲು ಬಡವಾಗುವುದು ಅದೇ. ಹಾಗಾಗಿ ಜೋರಾಗಿ ಬಾರಿಸುವಾಗ ಇಟ್ಟ ನಾಬ್‌ಗಳನ್ನು ಹಾಗೇ ಬಿಟ್ಟು ವಾಲ್ಯೂಮ್ ಮಾತ್ರ ಇಳಿಸಿದರೆ ರೇಡಿಯೋ ಆಗದೆ ಇನ್ನೇನಾಗುತ್ತದೆ? ಯಾವ ಸದ್ದಿನಲ್ಲಿ ಬಾರಿಸುತ್ತೀರೋ ಆ ಸದ್ದಿನಲ್ಲೇ ಕೂತು ಬೇಸ್, ಮಿಡ್ಲ್, ಟ್ರೆಬಲ್ ಹೊಸದಾಗಿ ಹಚ್ಚಿಕೊಳ್ಳಬೇಕು. ಖರ್ಚಿಲ್ಲದ ಕೆಲಸ, ಆದರೂ ಹತ್ತರಲ್ಲಿ ಒಬ್ಬನೂ ಮಾಡಿರುವುದಿಲ್ಲ.

ಆದರೆ ಇಲ್ಲೊಂದು ಪೇಚಿದೆ. ಕಿವಿಗೆ ಬೇಕಾದದ್ದು ಬೇಸ್, ಸ್ಲ್ಯಾಬ್ ದಾಟಿ ಪಕ್ಕದ ಮನೆಗೆ ಹೋಗುವುದೂ ಬೇಸೇ. ಆದ್ದರಿಂದ ಬೇಸ್ ನಾಬ್ ಪೂರ್ತಿ ತಿರುಗಿಸುವ ಬದಲು ಮಿಡ್ಲ್ ಏರಿಸಿ ಅನ್ನುತ್ತೇನೆ. ಆ್ಯಂಪನ್ನು ನೆಲದಿಂದ ಎತ್ತಿ, ದಪ್ಪ ಫೋಮ್ ಹಾಕಿದ ಸ್ಟೂಲ್ ಮೇಲೆ ಇಡಿ. ಸ್ಪೀಕರ್ ನಿಮ್ಮ ಕಿವಿ ಕಡೆ ನೋಡಲಿ, ಮೊಣಕಾಲು ಕಡೆ ಅಲ್ಲ. ಹತ್ತಿರ ಕೂತುಕೊಳ್ಳಿ. ಎರಡು ಮೀಟರ್ ಇದ್ದದ್ದು ಒಂದಾದರೆ ನಿಮ್ಮ ಕಿವಿಗೆ ಹೆಚ್ಚು ಕಮ್ಮಿ 6 ಡೆಸಿಬೆಲ್ ಪುಕ್ಕಟೆ.

ಗೇಯ್ನ್ ಬಗ್ಗೆ, ಅಂದರೆ ಸ್ವರ ಎಷ್ಟು ಒಡೆಯಬೇಕು ಅಂತ ಹಚ್ಚುವ ನಾಬ್ ಬಗ್ಗೆ, ಒಂದೇ ಮಾತು. ಸದ್ದು ಕಮ್ಮಿಯಾಯಿತು ಅಂತ ಗೇಯ್ನ್ ಏರಿಸಬೇಡಿ. ಡಬ್ಬಿಯೊಳಗೆ ಜೇನುನೊಣ ಕೂಡಿಹಾಕಿದಂತಾಗುತ್ತದೆ.

ಈಗ ವಾಲ್ವ್. ಹಳೆಯ ಫೆಂಡರ್ ತರಹದ ಆ್ಯಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್, ಅಂದರೆ ಕೊನೆಯ ಸದ್ದನ್ನು ಮಾತ್ರ ಇಳಿಸುವ ನಾಬ್, ಇರುವುದಿಲ್ಲ. ಸ್ಪೀಕರನ್ನು ನಡೆಸುವ ಪವರ್ ವಾಲ್ವ್‌ಗಳು ದುಡಿಯುವ ತನಕ ಆ ದಪ್ಪ ಸ್ವರ ಬರುವುದಿಲ್ಲ, ಅವು ದುಡಿದರೆ ಸದ್ದು ತಪ್ಪುವುದಿಲ್ಲ. ಇದಕ್ಕೆ ಆ್ಯಟೆನ್ಯುವೇಟರ್ ಅಂತ ಬರುತ್ತದೆ. ಆ್ಯಂಪ್ ಮತ್ತು ಸ್ಪೀಕರ್ ನಡುವೆ ಕೂತು ಪವರನ್ನು ಬಿಸಿ ಮಾಡಿ ಸುಟ್ಟುಹಾಕುತ್ತದೆ. ಫೆಂಡರಿನ ಡಿಲಕ್ಸ್ ರಿವರ್ಬ್ ಥರದ ಸುಮಾರು 20 ವ್ಯಾಟಿನ ಆ್ಯಂಪನ್ನು 16 ಡೆಸಿಬೆಲ್ ಇಳಿಸಿದರೂ ಸ್ಪೀಕರಿಗೆ ಅರ್ಧ ವ್ಯಾಟ್ ಹೋಗುತ್ತದೆ, ಮೇಲಿನ ಲೆಕ್ಕದಲ್ಲಿ ಇನ್ನೂ 97 ಡೆಸಿಬೆಲ್. ಕೊಂಡವರಿಗೆ ಬೇಜಾರಾಗುವುದು ಸಹಜ.

ಆ್ಯಟೆನ್ಯುವೇಟರಿನಲ್ಲೂ ಎರಡು ಜಾತಿ. ಬರೀ ರೆಸಿಸ್ಟರ್ ಹಾಕಿದ್ದು ಅಗ್ಗ. 8 ಓಮ್ ಸ್ಪೀಕರ್ ಅಂದರೆ ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. ಕೆಳಗೆ 100 ಹರ್ಟ್ಸ್ ಆಸುಪಾಸಿನಲ್ಲಿ ಅದರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಹಲವು ಪಟ್ಟು ಏರುತ್ತದೆ, ಮೇಲೆ ಟ್ರೆಬಲ್ ಕಡೆಗೂ ಏರುತ್ತಾ ಹೋಗುತ್ತದೆ. ವಾಲ್ವ್ ಆ್ಯಂಪ್ ಈ ಏರಿಳಿತಕ್ಕೆ ತಕ್ಕಂತೆ ಆ ಸ್ವರಗಳನ್ನು ಎತ್ತಿ ಕೊಡುತ್ತದೆ. ರೆಸಿಸ್ಟರಿಗೆ ಏರಿಳಿತ ಇಲ್ಲ, ಜಾಸ್ತಿ ಇಳಿಸಿದಷ್ಟೂ ಟೋನ್ ಸಪ್ಪೆ. ಕಾಯಿಲ್ ಮತ್ತು ಕೆಪ್ಯಾಸಿಟರ್ ಸೇರಿಸಿ ಸ್ಪೀಕರಿನ ಸ್ವಭಾವ ತಂದ ರಿಯಾಕ್ಟಿವ್ ಜಾತಿಗೆ ದುಡ್ಡು ಜಾಸ್ತಿ, ಆದರೆ ಆ ದುಡ್ಡು ದಂಡ ಅಲ್ಲ. ಯಾವುದಾದರೂ ಸರಿ, ಪವರ್ ವಾಲ್ವ್‌ಗಳು ಒಳಗೆ ಪೂರ್ತಿ ದುಡಿಯುತ್ತಲೇ ಇರುತ್ತವೆ. ಸದ್ದು ಕಮ್ಮಿ ಇದ್ದ ಮಾತ್ರಕ್ಕೆ ವಾಲ್ವ್ ಬಾಳಿಕೆ ಹೆಚ್ಚುವುದಿಲ್ಲ.

ಸ್ಪೀಕರನ್ನು ಮಾತ್ರ ಯಾವ ಡಬ್ಬವೂ ಉಳಿಸಿಕೊಡುವುದಿಲ್ಲ. ಜೋರಾಗಿ ಬಾರಿಸಿದಾಗ ಅದರ ಕೋನ್ ಕೂಡ ಸ್ವಲ್ಪ ಒಡೆದ ಸ್ವರ ಕೊಡುತ್ತದೆ. ಮಿಲಿವ್ಯಾಟ್ ಲೆಕ್ಕದಲ್ಲಿ ಅದು ಅಲುಗುವುದೇ ಇಲ್ಲ ಅನ್ನಿ. ಈ ಒಂದು ಭಾಗ ಹೋಯಿತು ಅಂತ ಒಪ್ಪಿಕೊಂಡು ಮುಂದೆ ನಡೆಯಬೇಕು.

ಬೆಂಚಿನಲ್ಲಿ ನಾವು ಮಾಡಿಕೊಡುವ ಸಣ್ಣ ಕೆಲಸಗಳು ಎರಡು. ಕೆಲವು ಆ್ಯಂಪ್‌ಗಳಲ್ಲಿ ವಾಲ್ಯೂಮ್ ನಾಬಿನ ಹಿಂದಿನ ಪಾಟ್ ಮೇಲೆ ಬ್ರೈಟ್ ಕೆಪ್ಯಾಸಿಟರ್ ಇರುತ್ತದೆ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಮಾತ್ರ ಇದರ ಮೂಲಕ ನುಸುಳಿ ಬರುತ್ತದೆ, ಕಿವಿ ಚುಚ್ಚುತ್ತದೆ. ಅದರ ಒಂದು ಕಾಲು ಬಿಚ್ಚಿ ಒಳಗೇ ಬಿಡುತ್ತೇವೆ, ಬೇಕಾದರೆ ಮತ್ತೆ ಹಚ್ಚಬಹುದು. ಹುಬ್ಬಳ್ಳಿ ಹುಡುಗನ ಆ್ಯಂಪಿಗೆ ಇದನ್ನೇ ಮಾಡಿದ್ದು. ಇನ್ನೊಂದು, ಮೊದಲ ವಾಲ್ವ್ ಬದಲಿಸುವುದು. 12ಎಎಕ್ಸ್7 ತೆಗೆದು 5751 ಹಾಕಿದರೆ ಆಂಪ್ಲಿಫಿಕೇಶನ್ ಫ್ಯಾಕ್ಟರ್, ಅಂದರೆ ವಾಲ್ವ್ ಹಿಗ್ಗಿಸುವ ಶಕ್ತಿಯ ಅಂಕಿ, 100 ಇದ್ದದ್ದು 70 ಆಗುತ್ತದೆ. ನಾಬ್ ಮುಟ್ಟಿದೊಡನೆ ಸದ್ದು ನೆಗೆಯುವುದು ಕಮ್ಮಿಯಾಗುತ್ತದೆ. 12ಎಎಕ್ಸ್7 ಅಂದರೆ ಹಳಬರ ಇಸಿಸಿ83. ನಮ್ಮ ಬೆಂಗಳೂರಿನ ಬಿಇಎಲ್ 1961ರಿಂದ ರೇಡಿಯೋ ವಾಲ್ವ್‌ಗಳನ್ನು ಮಾಡುತ್ತಿತ್ತು. ಬಿಇಎಲ್ ಹೆಸರಿನ ಇಸಿಸಿ83 ಈಗಲೂ ಹಳೆಯ ಸಾಮಾನಿನಲ್ಲಿ ಸಿಕ್ಕರೆ ನಮ್ಮ ಮಾಲೀಕರು ಅದನ್ನು ಮಾರುವುದಿಲ್ಲ, ಡ್ರಾಯರಿನಲ್ಲಿ ಇಟ್ಟು ಬೀಗ ಹಾಕುತ್ತಾರೆ!

ಇವೆರಡನ್ನೂ ಮನೆಯಲ್ಲಿ ಮಾಡುತ್ತೇನೆ ಅನ್ನುವವರಿಗೆ: ವಾಲ್ವ್ ಬದಲಿಸಬಹುದು, ಆರಿಸಿ ತಣ್ಣಗಾದ ಮೇಲೆ. ಚಾಸಿ, ಅಂದರೆ ಒಳಗಿನ ಲೋಹದ ಪೆಟ್ಟಿಗೆ, ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರಿನಲ್ಲಿ 400 ವೋಲ್ಟ್ ಕೂತಿರಬಹುದು.

ರಾತ್ರಿ ಹತ್ತರ ಮೇಲೆ ಇದ್ಯಾವುದೂ ನಡೆಯುವುದಿಲ್ಲ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಆ ಹೊತ್ತಿಗೆ ಲೋಡ್ ಬಾಕ್ಸ್, ಅಂದರೆ ಸ್ಪೀಕರಿನ ಬದಲಿಗೆ ಪವರನ್ನೆಲ್ಲ ನುಂಗುವ ಡಬ್ಬ, ಹಾಕಿ ಹೆಡ್‌ಫೋನಿನಲ್ಲಿ ಕೇಳಿ. ಸ್ಪೀಕರ್ ಪೆಟ್ಟಿಗೆಯ ಸ್ವರವನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಶನ್ ಇರುವುದನ್ನೇ ತಗೊಳ್ಳಿ, ಇಲ್ಲದಿದ್ದರೆ ಕರ್ಕಶ. ಸ್ಪೀಕರ್ ವೈರ್ ಸುಮ್ನೆ ಕಿತ್ತು ಲೈನ್ ಔಟ್‌ನಿಂದ ಬಾರಿಸುವವರು ಇದ್ದಾರೆ. ಲೋಡ್ ಇಲ್ಲದೆ ವಾಲ್ವ್ ಆ್ಯಂಪ್ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರಬಹುದು. ಅದು ಸುಟ್ಟರೆ ಹೊಸದು ತರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ಆಗ ಮಾತ್ರ ಬಿಲ್ ನೋಡಿ ನನ್ನನ್ನು ಬೈಯಬೇಡಿ.