ಕೆಟ್ಟದ್ದು ತಳ ಅಲ್ಲ, ದಾಂಡಿ

ಕಬ್ಬಿನ ಹಂಗಾಮಿಗೆ ಇನ್ನೂ ಒಂದು ತಿಂಗಳಿತ್ತು. ನಮ್ಮ ಎರಡು ಗಾಲಿ ಟ್ರೇಲರಿನ ತಳ ನೋಡಿದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಗುಜರಿಗೆ ಹಾಕ್ರಿ ಇದನ್ನ." ತಗಡಿನಲ್ಲಿ ಬೆರಳು ತೂರುವಂಥ ತೂತು. ಅಪ್ಪ ಮಾತ್ರ ಕಟ್ಟೆಯ ಮೇಲಿಂದ, "ತಗಡ ಹ್ವಾದ್ರ ತಗಡ ಹಾಕಸು. ಮಾಳಗಿ ಸೋರತೈತಿ ಅಂತ ಮನೀನ ಮಾರ್ತಿಯೇನ?" ಅಂದ.

ನಮ್ಮದು ಮುಧೋಳ ತಾಲೂಕಿನಲ್ಲಿ ಘಟಪ್ರಭಾ ದಂಡೆಯ ಊರು. ಅಪ್ಪ ಇದನ್ನು ತಂದದ್ದು 1996ರಲ್ಲಿ. ಆಗ ಬಾಗಲಕೋಟೆ ಜಿಲ್ಲೆಯೇ ಆಗಿರಲಿಲ್ಲ. ಆರ್‌ಸಿ ಪುಸ್ತಕದಲ್ಲಿ ಇವತ್ತಿಗೂ ಬಿಜಾಪುರ ಜಿಲ್ಲೆ ಅಂತಲೇ ಇದೆ. ಕಬ್ಬು, ಗೋವಿನಜೋಳ, ತಿಪ್ಪೆಗೊಬ್ಬರ, ತಂಗಿಯ ಮದುವೆಗೆ ಬಂದ ಬೀಗರು, ಎಲ್ಲರನ್ನೂ ಎಲ್ಲವನ್ನೂ ಹೊತ್ತಿದೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ನೀರಿನಲ್ಲೇ ನಿಂತಿತ್ತು. ನೀರು ಇಳಿದ ಮೇಲೆ ಹಬ್ ಬಿಚ್ಚಿದರೆ ಬೇರಿಂಗಿನಲ್ಲಿ ಗ್ರೀಸಿನ ಬದಲು ಬರೀ ರಾಡಿ.

ಅಪ್ಪನ ಮಾತೇ ಖರೇ ಅನ್ನಿಸಿ ಲೆಕ್ಕಕ್ಕೆ ಕೂತೆ. ತಳ 10 ಅಡಿ ಉದ್ದ, 6 ಅಡಿ ಅಗಲ. 3 ಎಂಎಂ ತಗಡು ಚದರ ಮೀಟರಿಗೆ ಸುಮಾರು 23.5 ಕಿಲೋ ತೂಗುತ್ತದೆ, ಅಂದರೆ ನಮ್ಮ ತಳಕ್ಕೆ 131 ಕಿಲೋ. ಅದರ ಮೇಲೆ ಗ್ಯಾಸ್ ಕಟಿಂಗ್, ವೆಲ್ಡಿಂಗ್, ಬಣ್ಣ. ಏನೇ ಆದರೂ ಸಾವಿರಗಳ ಮಾತು. ಹೊಸ ಟ್ರೇಲರ್ ಅಂದರೆ ಲಕ್ಷಗಳ ಮಾತು. ಕಬ್ಬಿನ ಬಿಲ್ಲು ಯಾವಾಗ ಬರುತ್ತದೋ ನಂಬಿ ಕೂರುವವನಿಗೆ ಇದರಲ್ಲಿ ವಿಚಾರ ಮಾಡುವುದೇನಿದೆ?

ವೆಲ್ಡಿಂಗ್ ಅಂಗಡಿಯ ಕಾಕಾ ತಳದ ಕಡೆ ತಿರುಗಿಯೂ ನೋಡಲಿಲ್ಲ. ಹತೋಡಿ ಹಿಡಿದು ಸೀದಾ ದಾಂಡಿಯ, ಅಂದರೆ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮುಂದಿನ ಕಬ್ಬಿಣದ ತೊಲೆಯ, ಬುಡಕ್ಕೆ ಕೂತ. ಗ್ರೀಸು, ಮಣ್ಣು ಕೆರೆದು, ಡೀಸೆಲ್ ಅರಿವೆಯಿಂದ ಒರೆಸಿದ. ದಾಂಡಿ ಚಾಸಿಗೆ ಕೂಡುವಲ್ಲಿ, ಹಳೇ ವೆಲ್ಡಿಂಗಿನ ಪಕ್ಕಕ್ಕೇ, ಬಣ್ಣದೊಳಗಿಂದ ಕೂದಲೆಳೆಯಂಥ ಕೆಂಪು ಗೆರೆ.

"ಇದು ಜಂಗ ಅಲ್ಲ, ಸೀಳು. ಒಳಗ ನೀರ ಇಳದು ಕೆಂಪ ಕಾರಾಕತ್ತೈತಿ."

ಎರಡು ಗಾಲಿಯ ಟ್ರೇಲರಿನಲ್ಲಿ ಎಲ್ಲ ಭಾರ ಗಾಲಿಯ ಮೇಲೆ ಬೀಳುವುದಿಲ್ಲ, ಒಂದಿಷ್ಟು ದಾಂಡಿಯ ಮೂಲಕ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ಮುಂದಕ್ಕೆ ಹೆಚ್ಚು ಹೇರಿದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ಗಾಳಿಯಲ್ಲಿ ಏಳುವುದನ್ನು ಹಂಗಾಮಿನಲ್ಲಿ ನಮ್ಮ ಕಡೆ ಯಾರು ನೋಡಿಲ್ಲ? ನಾವು ಅದನ್ನು ನೋಡಿ ನಗುತ್ತೇವೆ. ಆ ಹೊತ್ತಿಗೆ ದಾಂಡಿ ಏನು ಅನುಭವಿಸುತ್ತಿರುತ್ತದೆ ಅಂತ ನಾನೂ ಇಷ್ಟು ವರ್ಷ ವಿಚಾರ ಮಾಡಿರಲಿಲ್ಲ. ಪ್ರತಿ ತಗ್ಗಿನಲ್ಲೂ ಅದು ಬಗ್ಗಿ ಬಗ್ಗಿ ಏಳುತ್ತದೆ. ವೆಲ್ಡಿಂಗಿನ ಕಾವು ತಿಂದ ಪಕ್ಕದ ಕಬ್ಬಿಣವೇ ಮೊದಲು ಸೋಲುತ್ತದೆ.

"ಮ್ಯಾಲೊಂದ ಪಟ್ಟಿ ಬಡದ ಬಿಡ್ರಿ ಕಾಕಾ," ಅಂದೆ.

"ಪಟ್ಟಿ ಬಡದ್ರ ಸೀಳು ನಿನ್ನ ಕಣ್ಣಿಗೆ ಮುಚ್ಚತೈತಿ, ನಿಲ್ಲೂದಿಲ್ಲ." ಸೀಳಿನ ತುದಿಗೆ ಡ್ರಿಲ್ ಹೊಡೆದು ಅದರ ಓಟ ನಿಲ್ಲಿಸಬೇಕು, ಗ್ರೈಂಡರಿನಿಂದ ಪೂರಾ ಬಗೆದು ತುಂಬಿಸಬೇಕು, ಪಟ್ಟಿ ಆಮೇಲೆ ಅಂತ ಹೇಳಿದ. ನಂತರ ಸುತಳಿ ತಂದು ಚಾಸಿಯ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹಿಡಿಸಿದ. ಎರಡೂ ಅಳತೆ ಒಂದೇ ಬರಬೇಕು. ನಮ್ಮದರಲ್ಲಿ ಒಂದೂವರೆ ಇಂಚು ಫರಕು. ಎಡಗಾಲಿಯ ಟೈರು ಒಂದೇ ಮಗ್ಗುಲಿಗೆ ಸವೆಯುವುದಕ್ಕೆ ನಾಲ್ಕು ವರ್ಷದಿಂದ ನಾನು ಟೈರಿನವನನ್ನೇ ಬಯ್ಯುತ್ತಿದ್ದೆ. ಅವನ ಕ್ಷಮೆ ಇನ್ನೂ ಕೇಳಿಲ್ಲ.

ಚಾಸಿಯನ್ನೇ ಹೊಸದು ಮಾಡಿಸಿದರೆ ಆರ್‌ಸಿಯಲ್ಲಿರುವ ಚಾಸಿ ನಂಬರು ಯಾವುದಕ್ಕೆ ಹೊಂದಬೇಕು? ಅಷ್ಟು ದೂರ ಹೋದರೆ ಹೊಸದನ್ನೇ ಕೊಳ್ಳಬೇಕು. ಹಾಗಂತ ಸೊಟ್ಟ ಚಾಸಿಯ ಮೇಲೆ 131 ಕಿಲೋ ಹೊಸ ತಗಡು ಹಾಸುವುದು ಮುರುಕು ಹೊರಸಿಗೆ ಹೊಸ ಗಾದಿ ಹಾಸಿದಂತೆ. ರಾತ್ರಿಯೆಲ್ಲ ಇದೇ ತಲೆಯಲ್ಲಿ. ಕಡೆಗೆ ಬದಲಿಸಿದ್ದು ಟ್ರೇಲರನ್ನಲ್ಲ, ಅದರ ಕೆಲಸವನ್ನು. ದಾಂಡಿಯನ್ನು ಕಾಕಾ ಹೇಳಿದ ಹಾಗೇ ಮಾಡಿಸಿದೆ. ತಳಕ್ಕೆ ಹಳೇ ಬ್ಯಾರಲ್ಲಿನ ತಗಡು ಬಡಿಸಿದೆ. ಇನ್ನು ಅದು ಹೊಲದೊಳಗೆ ಗೊಬ್ಬರ, ಕಣಕಿ, ಮೇವು ಹೊರುತ್ತದೆ, ಅದೂ ಅರ್ಧ ಹೇರು. ಫ್ಯಾಕ್ಟರಿಗೆ ಕಬ್ಬು ಈ ವರ್ಷ ಬಾಡಿಗೆ ಗಾಡಿಯಲ್ಲಿ. ಬಾಡಿಗೆ ಕೊಡುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ. ಆದರೆ ತುಂಬಿದ ಹೇರು ರಸ್ತೆಯ ಮೇಲೆ ಹುಕ್ಕು ಬಿಟ್ಟು ಓಡಿದರೆ ಅದರ ಹಿಂದೆ ಬೈಕಿನವರಿರುತ್ತಾರೆ, ಸಾಲಿಯ ಹುಡುಗರಿರುತ್ತಾರೆ.

ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾನೇ ಹೋಗಿ ಹುಕ್ಕಿನ ಪಿನ್ನು ಕಿತ್ತು ತಂದು ಟ್ರಂಕಿನಲ್ಲಿಟ್ಟ. ಊರಲ್ಲಿ ಟ್ರೇಲರ್ ಕೇಳಿ ಒಯ್ಯುವವರಿಗೆ ಬರವಿಲ್ಲ, ಅದು ಅವನಿಗೂ ಗೊತ್ತು. ಮೊನ್ನೆ ಪಕ್ಕದ ಹೊಲದವ ಬಂದು, "ಮಾಮಾ, ಒಂದ ಖೇಪ್ ಕಬ್ಬಷ್ಟ," ಅಂದ. ಪಿನ್ನಿಲ್ಲ ಅಂತ ಅಪ್ಪ ಹೇಳಿದರೆ, ಅವನು ತನ್ನ ಪಿನ್ನನ್ನು ಜೇಬಿನಿಂದಲೇ ತೆಗೆದ.

ಅಪ್ಪ ಅವನನ್ನು ದಾಂಡಿಯ ಹತ್ತಿರ ಕರೆದುಕೊಂಡು ಹೋಗಿ ಬಗ್ಗಿಸಿ, ಕಾಕಾ ತುಂಬಿಸಿದ ಸೀಳನ್ನು ಬೆರಳಿಟ್ಟು ತೋರಿಸುತ್ತಿದ್ದ.