ಮುಂದಿನದನ್ನೆಲ್ಲ ಬಲ್ಲ ಸತ್ಯಾಗ್ರಹಿ

ನಮ್ಮ ಕಾರವಾರದ ಕಚೇರಿಯ, ತಂತ್ರಾಂಶದ ದೋಷಗಳನ್ನು ಬರೆದಿಡುವ ಟಿಕೆಟ್ ಪಟ್ಟಿಯಲ್ಲಿ ಆ ಪ್ರಕರಣ ‘ಹ್ಯಾಲ್ಯೂಸಿನೇಷನ್, ತುರ್ತು’ ಎಂದು ದಾಖಲಾಗಿದೆ; ಹ್ಯಾಲ್ಯೂಸಿನೇಷನ್ ಎಂದರೆ ಎಐ ಇಲ್ಲದ್ದನ್ನು ನಿಜವೆಂಬಂತೆ ಹೇಳುವುದು. ಮ್ಯಾನೇಜರ್ ಮಾಡಿದ ಆ ರೋಗನಿರ್ಣಯವನ್ನು ನಾನು ಇಂದಿಗೂ ಒಪ್ಪುವುದಿಲ್ಲ, ಏಕೆಂದರೆ ಡೆಮೋದಲ್ಲಿ ನಮ್ಮ ಪಾತ್ರ ಮಾನ ಕಳೆದ ಆ ಮಾತಿನಲ್ಲಿ ಸುಳ್ಳೆಂಬುದೇ ಇರಲಿಲ್ಲ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನು ಶಾಲಾ ಮಕ್ಕಳಿಗೆ ಮುಟ್ಟಿಸುವ ಕಥೆಯೊಂದನ್ನು ನಾವು ಸಿದ್ಧಪಡಿಸಬೇಕಿತ್ತು. ಮಕ್ಕಳು ಪ್ರಶ್ನೆ ಕೇಳುತ್ತಾರೆ, ಆ ಮುಂಜಾನೆ ಮನೆಯಿಂದ ಹೊರಟು ನಿಂತ ಕಲ್ಪಿತ ತರುಣನೊಬ್ಬ ಉತ್ತರಿಸುತ್ತಾನೆ, ಆ ಉತ್ತರವನ್ನು ಬರೆಯುವುದು ಭಾಷಾ ಮಾದರಿ, ಅಂದರೆ ಪಠ್ಯ ರಚಿಸುವ ಎಐ. ಇತಿಹಾಸದಲ್ಲಿ ಒಂದು ತಪ್ಪೂ ನುಸುಳಬಾರದೆಂಬುದು ಗ್ರಾಹಕರ ಷರತ್ತಾಗಿತ್ತು. ಅದಕ್ಕೆ ಹೆದರಿದ ನಾನು ದಂಡಿಯಾತ್ರೆಯಿಂದ ಹಿಡಿದು ಕರನಿರಾಕರಣೆ, ಗಾಂಧಿ–ಇರ್ವಿನ್ ಒಪ್ಪಂದ, ಕೊನೆಗೆ 1947ರವರೆಗಿನ ಘಟನಾವಳಿಯನ್ನೆಲ್ಲ ಮಾದರಿಗೆ ಮೊದಲೇ ಕೊಡುವ ಸೂಚನೆಯಾದ ಸಿಸ್ಟಮ್ ಪ್ರಾಂಪ್ಟ್‌ಗೆ ತುಂಬಿಬಿಟ್ಟೆ. ಮಾದರಿ ಪಠ್ಯವನ್ನು ಒಡೆಯುವ ಚೂರುಗಳೇ ಟೋಕನ್, ಬಿಲ್ ಬರುವುದೂ ಅವುಗಳ ಲೆಕ್ಕದಲ್ಲೇ. ಕನ್ನಡ ಲಿಪಿ ಟೋಕನ್‌ಗಳನ್ನು ನುಂಗುವ ಪರಿಗೆ ಬಿಲ್ ಏರಿದೆಯೆಂದು ತಂಡದ ದಿನನಿತ್ಯದ ಸಭೆಯಾದ ಸ್ಟ್ಯಾಂಡಪ್‌ನಲ್ಲಿ ಬೈಸಿಕೊಂಡರೂ ಒಂದು ಸಾಲನ್ನೂ ಕಿತ್ತುಹಾಕಲಿಲ್ಲ.

ಡೆಮೋಗೆ ಬಂದ ಸಮಿತಿಯಲ್ಲಿ ಅಂಕೋಲೆ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದರು. ಉಪ್ಪು ಹೇಗೆ ಮಾಡುತ್ತೀರಿ, ಮನೆಯವರು ಏನೆಂದರು ಎಂಬಂಥ ಮೊದಲ ಪ್ರಶ್ನೆಗಳು ಸಲೀಸಾಗಿ ದಾಟಿದವು. ಆಮೇಲೆ ಅವರು ಮೈಕಿನತ್ತ ಬಾಗಿ, ‘ತಮ್ಮಾ, ಪೊಲೀಸರು ಹಿಡಿದುಕೊಂಡು ಹೋದರೆ ಎಂಬ ಹೆದರಿಕೆ ಇಲ್ಲವೇ?’ ಎಂದರು. ತೆರೆಯ ಮೇಲೆ ಮೂರು ಚುಕ್ಕೆಗಳು ಕುಣಿದವು. ಬಳಿಕ ನಮ್ಮ ತರುಣ ಗಂಭೀರವಾಗಿ, ‘ಹೆದರಿಕೆ ಏಕೆ? 1931ರ ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಗಿ ನಮ್ಮನ್ನು ಬಿಡುಗಡೆ ಮಾಡುತ್ತಾರೆ. ಕರಾವಳಿಯವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಲೂ ಅವಕಾಶ ಸಿಗುತ್ತದೆ’ ಎಂದು ಉತ್ತರಿಸಿದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಲ್ಲಿಗೆ ಸುಮ್ಮನಾಗಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ನಾನೋ ಎಲ್ಲರೆದುರೇ ಲ್ಯಾಪ್‌ಟಾಪ್ ತೆರೆದು, ಇಂದಿನ ನಂತರ ನಡೆದದ್ದು ಯಾವುದೂ ನಿನಗೆ ಗೊತ್ತಿಲ್ಲ, ಒಪ್ಪಂದದ ಮಾತು ಎತ್ತಬೇಡ ಎಂಬ ಸಾಲನ್ನು ಸೇರಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿರೆಂದು ವಿನಂತಿಸಿದೆ. ಅವರು ಕೇಳಿದರು. ‘ಹೆದರಿಕೆಯಾಗುತ್ತದೆ ಮಾಸ್ತರೇ. ಗಾಂಧಿ–ಇರ್ವಿನ್ ಒಪ್ಪಂದದ ಬಗ್ಗೆ ನನಗೇನೂ ಗೊತ್ತಿಲ್ಲವಲ್ಲ!’ ಎಂದಿತು ಯಂತ್ರ. ಈ ಸಲ ಮ್ಯಾನೇಜರ್ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ನಕ್ಕರು.

ತಾಳಮದ್ದಲೆಯಲ್ಲಿ (ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನ) ಅರ್ಥ, ಅಂದರೆ ಪಾತ್ರದ ಮಾತು, ಹೇಳುವ ಹವ್ಯಾಸವಿದ್ದ ಮಾಸ್ತರರು ಚಹಾದ ಹೊತ್ತಿಗೆ ಹೇಳಿದ್ದು ಇಷ್ಟೇ: ಕರ್ಣಭೇದನದಲ್ಲಿ ಕರ್ಣನ ಅರ್ಥಧಾರಿಗೆ ಕುಂತಿಯೇ ತಾಯಿಯೆಂಬುದು ಮೊದಲೇ ಗೊತ್ತಿರುತ್ತದೆ, ಆದರೆ ಕೃಷ್ಣ ಬಾಯಿಬಿಡುವ ತನಕ ಕರ್ಣನಿಗೆ ಅದು ಗೊತ್ತಿರಕೂಡದು.

ಫ್ರೆಂಚ್ ಕಥನಶಾಸ್ತ್ರಜ್ಞ ಜೆರಾರ್ ಜೆನೆಟ್ 1972ರಲ್ಲಿ ಕಥೆಯನ್ನು ಯಾರು ಹೇಳುತ್ತಾರೆ, ಯಾರು ನೋಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ, ನಿರೂಪಕ ಪಾತ್ರಕ್ಕಿಂತ ಹೆಚ್ಚು ಬಲ್ಲನೋ, ಅದು ಬಲ್ಲಷ್ಟೇ ಬಲ್ಲನೋ, ಕಡಿಮೆ ಬಲ್ಲನೋ ಎಂದು ವಿಂಗಡಿಸಿದ್ದು ಇದನ್ನೇ. ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದ ನಾನು, ಪಾತ್ರದ ಬಾಯಲ್ಲಿ ‘ನಾನು’ ಎಂದು ಹಾಕಿದರೆ ನೋಟವೂ ಅದರದೇ ಆಗುತ್ತದೆಂದು ನಂಬಿ ಕುಳಿತಿದ್ದೆ. ಮಾದರಿ ಮುಂದಿನ ಟೋಕನ್ ಆರಿಸುವಾಗ ಪ್ರಾಂಪ್ಟ್‌ನಲ್ಲಿ ಬಿದ್ದಿರುವುದೆಲ್ಲವೂ ಅದಕ್ಕೆ ಸಾಮಗ್ರಿಯೇ. ಇದು ಲೇಖಕನಿಗೆ ಮಾತ್ರ, ಅದು ಪಾತ್ರಕ್ಕೆ ಎಂಬ ಗೋಡೆ ತಾನಾಗಿ ಏಳುವುದಿಲ್ಲ. ‘ಇದನ್ನು ಹೇಳಬೇಡ’ ಎಂಬ ಆಜ್ಞೆಯಂತೂ ಹೇಳಬಾರದ ಹೆಸರನ್ನೇ ಅದರ ನಾಲಗೆಯ ತುದಿಗೆ ತಂದಿಡುತ್ತದೆ.

ಈಗ ಪ್ರಾಂಪ್ಟ್‌ನಲ್ಲಿ ಘಟನಾವಳಿ ಇಲ್ಲ, ತರುಣನ ಕಿವಿಗೆ ಬಿದ್ದಿರಬಹುದಾದದ್ದು ಮಾತ್ರ ಇದೆ: ಗಾಂಧೀಜಿ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟದ್ದು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಹಿಡಿದದ್ದು, ಸಾಣಿಕಟ್ಟೆಯ ಉಪ್ಪಿಗೂ ಸರ್ಕಾರದ ತೆರಿಗೆ ಇರುವುದು, ತಾಯಿ ಹಿಂದಿನ ರಾತ್ರಿ ಊಟ ಬಿಟ್ಟದ್ದು. ದಿನಾಂಕ ಮೀರಿದ ಮಾತನ್ನು ಹಿಡಿಯಲು ಇನ್ನೊಂದು ತಪಾಸಣೆಯ ಕರೆ (ಮಾದರಿಗೆ ಕಳಿಸುವ ಪ್ರತ್ಯೇಕ ವಿನಂತಿ) ಇಟ್ಟಿದ್ದೇವೆ. ಮಾದರಿಯ ತರಬೇತಿಯಲ್ಲೇ ಮುಂದಿನ ಇತಿಹಾಸವೆಲ್ಲ ಅಡಗಿರುವುದರಿಂದ ಸೋರಿಕೆ ಪೂರ್ತಿ ನಿಂತಿಲ್ಲ, ನಿಲ್ಲುತ್ತದೆಂಬ ಭರವಸೆಯೂ ನನಗಿಲ್ಲ.

ಇನ್ನೊಂದು ತಕರಾರು ಉಳಿದಿದೆ. ‘ಮುಂದಿನ ತಿಂಗಳು 5ಕ್ಕೆ ಗಾಂಧೀಜಿಯನ್ನೇ ಹಿಡಿದು ಹಾಕುತ್ತಾರೆ’ ಎಂದು ಮಗುವೇ ಹೇಳಿದರೆ ತರುಣ ಏನು ಮಾಡಬೇಕು? ಅವನು ನಂಬಬಾರದೆನ್ನುತ್ತಾರೆ ಡಿಸೈನರ್. ಅವನು ಬೆಚ್ಚಿಬಿದ್ದು ‘ಯಾರು ಹೇಳಿದರು ನಿನಗೆ?’ ಎಂದು ಕೇಳಬೇಕೆಂಬುದು ನನ್ನ ವಾದ. ಅಂಥ ಪ್ರಶ್ನೆಯನ್ನೇ ಬ್ಲಾಕ್ ಮಾಡಿ ಎಂಬುದು ಮ್ಯಾನೇಜರ್ ಆದೇಶ, ಮತ್ತು ಗ್ರಾಹಕರೇ ಪರೀಕ್ಷಿಸಿ ಒಪ್ಪಬೇಕಾದ ಹಂತ, ಯುಎಟಿ, ಬರುವ ವಾರವೇ ಇದೆ.