ಕಾರ್ಡೋನಾದ ಉಪ್ಪಿನ ಗುಡ್ಡ

ಸ್ಪೇನಿನ ಬಾರ್ಸಿಲೋನಾದಿಂದ ಬಸ್ಸು ಹತ್ತಿ, ಮನ್ರೆಸಾ ದಾಟಿ ಮುಂದೆ ಹೋದರೆ ಕಾರ್ಡೋನಾ. ಐದು ಸಾವಿರ ಜನವೂ ಇಲ್ಲದ ಊರು. ದೂರದಿಂದಲೇ ಕೋಟೆ ಕಾಣುತ್ತದೆ, ಬಂದವರೆಲ್ಲ ಮೊದಲು ಅತ್ತ ನಡೆಯುತ್ತಾರೆ. ನಾನು ಕೆಳಗಿನ ಉಪ್ಪಿನ ಗುಡ್ಡಕ್ಕೆ ಹೋದೆ. ಈ ಊರಿಗೆ ಅನ್ನ ಹಾಕಿದ್ದು ಅದೇ ಅಲ್ವಾ?

ಸುಮಾರು ನಾಲ್ಕು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಬತ್ತಿ ಉಪ್ಪು ಉಳಿಯಿತು. ಮೇಲೆ ಕೂತ ಮಣ್ಣಿನ ಭಾರಕ್ಕೆ ಅದು ನಿಧಾನವಾಗಿ ಮೇಲಕ್ಕೆ ಉಬ್ಬಿ ಬಂತು. ಹೆಲ್ಮೆಟ್ ಹಾಕಿಕೊಂಡು ಗೈಡ್ ಹಿಂದೆ ಸುರಂಗದೊಳಗೆ 86 ಮೀಟರ್ ಆಳದವರೆಗೆ ಹೋಗಬಹುದು. ಗೋಡೆ ತುಂಬ ಬಿಳಿ, ಬೂದು, ಕೇಸರಿ, ಕೆಂಪು ಪಟ್ಟೆಗಳು, ಅಂಕುಡೊಂಕಾಗಿ ಮಡಚಿಕೊಂಡಿವೆ. ನೀರು ಜಿನುಗುವ ಕಡೆ ಬೆರಳುದ್ದದ ಬಿಳಿ ಉಪ್ಪಿನ ಕಡ್ಡಿಗಳು ನೇತಾಡುತ್ತವೆ. ಸುಮ್ನೆ ಇರಲಾಗದೆ ಗೋಡೆ ಮುಟ್ಟಿ ಬೆರಳು ನೆಕ್ಕಿದೆ. ಬಿಳಿ ಪಟ್ಟೆ ಅಡುಗೆ ಉಪ್ಪೇ. ಕೆಂಪು ಪಟ್ಟೆ ಕಹಿ! ಅದರಲ್ಲಿ ಪೊಟ್ಯಾಷ್ ಇದೆ.

ಆ ಕಹಿಯೇ ಊರಿನ ಇತ್ತೀಚಿನ ಕಥೆ. ಹಳೇ ಕಾಲದಲ್ಲಿ ಕಾರ್ಡೋನಾದ ಒಡೆಯರು ಉಪ್ಪು ಮಾರಿಯೇ ಶ್ರೀಮಂತರಾದರು. 20ನೇ ಶತಮಾನದಲ್ಲಿ ದುಡ್ಡು ತಂದದ್ದು ಪೊಟ್ಯಾಷ್, ನಮ್ಮ ರೈತರು ಬಾಳೆ, ತೆಂಗಿಗೆ ಹಾಕುವ ಅದೇ ಗೊಬ್ಬರ. ಅದಕ್ಕಾಗಿ ಇಲ್ಲಿನ ನಿಯೆವೆಸ್ ಗಣಿಯನ್ನು ಸಾವಿರ ಮೀಟರಿಗೂ ಜಾಸ್ತಿ ಆಳಕ್ಕೆ ಅಗೆದರು. 1990ರಲ್ಲಿ ಗಣಿ ಮುಚ್ಚಿತು. ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದಲ್ಲೇ ಹರಿಯುವ ಕಾರ್ಡೆನರ್ ನದಿಯ ನೀರು ಗಣಿಯೊಳಗೆ ನುಗ್ಗತೊಡಗಿತು. ಉಪ್ಪು ಕರಗಿ ನೆಲ ಕುಸಿಯಿತು. ಕೊನೆಗೆ ಸುರಂಗ ಕೊರೆದು ನದಿಯ ದಾರಿಯನ್ನೇ ಬದಲಿಸಬೇಕಾಯಿತು. ಅಗೆದದ್ದರ ಲೆಕ್ಕ ಹೇಳುವವರು ಈ ಖರ್ಚನ್ನೂ ಸೇರಿಸಿ ಹೇಳಬೇಕು.

ಈಗ ಗಣಿ ನೋಡಲು ಬರುವ ನಮ್ಮಂಥವರಿಂದ ಊರಿಗೆ ಒಂದಿಷ್ಟು ಆದಾಯ. ಕೋಟೆಯೊಳಗೆ ಸರ್ಕಾರಿ ಹೋಟೆಲ್ ಇದೆ, ದರ ನೋಡಿ ಹಿಂದೆ ಸರಿದೆ. ಪಕ್ಕದ ಸಂತ ವಿನ್ಸೆಂಟ್ ಚರ್ಚ್ ಮಾತ್ರ ಬಿಡಬೇಡಿ. 1040ರಲ್ಲಿ ಪ್ರತಿಷ್ಠೆಯಾದದ್ದು, ಒಳಗೆ ಬರೀ ಕಲ್ಲು, ಅಲಂಕಾರವೇ ಇಲ್ಲ. ಉಪ್ಪಿನಲ್ಲೇ ಕೆತ್ತಿದ ಬೊಂಬೆಗಳೂ ಊರಲ್ಲಿ ಸಿಗುತ್ತವೆ. ಚೆಂದ ಇವೆ, ಆದರೆ ನಮ್ಮ ಕರಾವಳಿಯ ಮಳೆಗಾಲಕ್ಕೆ ಆಗಿಬರುವುದಿಲ್ಲ.

ಹೋಗುವವರು ಮೊದಲು ಗಣಿಯ ಟಿಕೆಟ್ ಮಾಡಿಸಿಕೊಳ್ಳಿ. ಕೋಟೆ ಆಮೇಲೆ ನೋಡಿದರಾಯಿತು.